ಹನಿ ಸೋರದ ಕಾರು

ನಮ್ಮ ಕಾರಿನಿಂದ ಎಣ್ಣೆ ಸೋರುವುದು ನಿಲ್ಲುವವರೆಗೆ ಮಗಳ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನನ್ನ ಅತ್ತೆ ನೀಲಕ್ಕ ಎರಡು ವರ್ಷದ ಹಿಂದೆ ಹೇಳಿದರು. ಹೇಳಿದ್ದು ಕಲಘಟಗಿಯಿಂದ ನಮ್ಮೂರು ಶಲವಡಿಗೆ ವಾಪಸು ಬರುವ ದಾರಿಯಲ್ಲಿ, ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು. ಜನ ದೇವರ ಮೇಲೆ ಆಣೆ ಮಾಡುತ್ತಾರೆ, ಮಕ್ಕಳ ತಲೆ ಮುಟ್ಟಿ ಆಣೆ ಮಾಡುತ್ತಾರೆ. ಆಯಿಲ್ ಸೀಲಿನ ಮೇಲೆ ಆಣೆ ಮಾಡಿದವರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ಅವತ್ತು ಕಲಘಟಗಿಯಲ್ಲಿ ನನ್ನ ನಾದಿನಿ ನಂದಾಳ ಗಂಡನ ಮನೆಯವರದು ಹೊಸ ಮನೆಯ ಪ್ರವೇಶವಿತ್ತು. ಬಿಸಿಲು ಜೋರಿತ್ತು ಅಂತ ಮಾವ ಶಂಕ್ರಪ್ಪನವರು ಕಾರನ್ನು ನೆರಳಿಗೆ ನಿಲ್ಲಿಸಿದರು. ಆ ನೆರಳಿನ ಕೆಳಗೆ ಹಿಂದಿನ ವಾರವಷ್ಟೇ ಹಾಕಿಸಿದ ಬಿಳಿ ಟೈಲ್ಸ್ ಇತ್ತು. ನಾವು ಉಂಡು ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಕಾರಿನ ಹೊಟ್ಟೆಯ ಕೆಳಗೆ ರೊಟ್ಟಿಯಗಲ ಕಪ್ಪು ಕಲೆ ಆಗಿತ್ತು. ನಂದಾಳ ಅತ್ತೆ ಬಾಳವ್ವ ಬಂದು ನೋಡಿದರು. ಬೀಗರು, ನೆಂಟರು, ಅಡುಗೆಯವರು ಎಲ್ಲ ಸೇರಿದ ಮೇಲೆ ಬಾಯಿ ತೆರೆದರು.

"ನೀಲಕ್ಕಾರ, ಸಣ್ಣ ಕೂಸಿಗೆ ಅರಿವಿ ಕಟ್ಟತೇವಲ್ರಿ, ಹಂಗ ನಿಮ್ಮ ಕಾರಿಗೂ ಒಂದ ಕಟಗೊಂಡ ಬರಬೇಕಿತ್ತ ನೋಡ್ರಿ."

ಎಲ್ಲರೂ ನಕ್ಕರು. ನನಗೂ ನಗು ಬಂತು. ಆದರೆ ನಾನು ಸೊಸೆ, ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅತ್ತೆ ನಗಲಿಲ್ಲ. ಅವರ ತವರುಮನೆಯಲ್ಲಿ ಎತ್ತಿನ ಕೊಂಬಿಗೂ ಹಿತ್ತಾಳೆ ಹಾಕಿಸುತ್ತಿದ್ದರಂತೆ. ಅಂಥ ಮನೆಯಿಂದ ಬಂದವರ ಕಾರಿಗೆ ಕೂಸಿನ ಅರಿವೆ ಕಟ್ಟಿಸುವ ಮಾತನ್ನು ಅವರು ಮಡಚಿ ಎದೆಯೊಳಗೆ ಇಟ್ಟುಕೊಂಡರು.

ಅಲ್ಲಿಂದ ಮುಂದೆ ಅವರು ಕಲಘಟಗಿಗೆ ಹೋಗಲಿಲ್ಲ. ಪಂಚಮಿಗೆ ನಂದಾ ತಾನೇ ಬರುತ್ತಿದ್ದಳು, ದೀಪಾವಳಿಗೆ ಬರುತ್ತಿದ್ದಳು. ಬಂದಾಗ ತಾಯಿ ಮಗಳು ಒಂದೇ ಗಂಗಾಳದಲ್ಲಿ ಉಣ್ಣುವಷ್ಟು ಅಕ್ಕರೆ. ಆದರೆ ಹೋದ ವರ್ಷ ನಂದಾಳಿಗೆ ಮೂರು ತಿಂಗಳ ಬಸಿರು ನಿಲ್ಲಲಿಲ್ಲ. ಸುದ್ದಿ ಬಂದಾಗ ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅತ್ತರು. ಅಳುತ್ತಳುತ್ತಲೇ ಮೆಂತೆ ಉಂಡೆ ಕಟ್ಟಿದರು, ಡಬ್ಬಿ ತುಂಬಿ ನನ್ನ ಕೈಗೆ ಕೊಟ್ಟರು. "ನೀವೂ ಬರ್ರಿ ಅತ್ತಿ" ಎಂದೆ. "ಕಾರು ಸೋರತೈತವಾ" ಎಂದರು. ನನಗೆ ಸಿಟ್ಟು ಬಂತು. ಅಂಥ ಸಿಟ್ಟು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ನಂದಾ ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿ, "ಅವ್ವ ಬರಲಿಲ್ಲೇನ ವೈನಿ?" ಎಂದು ಕೇಳಿದಳು. ಮೊಣಕಾಲು ನೋವು ಅಂತ ಹೇಳಿದೆ. ಅವಳು ನಂಬಲಿಲ್ಲ, ನಾನೂ ನಂಬಿಸಲು ಹೋಗಲಿಲ್ಲ.

ಈಗ ನಂದಾಳಿಗೆ ಮತ್ತೆ ಎಂಟು ತಿಂಗಳು ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ತಾಯಿ ಹೋಗಿ ತನ್ನ ಕೈಯಾರೆ ಉಡಿ ತುಂಬಿ ಮಗಳನ್ನು ಕರೆತರಬೇಕು. ಬಾಳವ್ವನವರ ಮನೆಯಲ್ಲಿ ಇನ್ನೊಂದು ಕಟ್ಟಳೆ: ಒಂಬತ್ತರಲ್ಲಿ ಬಿದ್ದ ಮೇಲೆ ಬಸುರಿಯನ್ನು ಹೊರಗೆ ಕಳಿಸುವುದಿಲ್ಲ. ಎಂಟರ ಕೊನೆಯ ಒಳ್ಳೆಯ ದಿನ ಅಂದರೆ ಮುಂದಿನ ಸೋಮವಾರ. ಬಾಳವ್ವ ಫೋನಿನಲ್ಲಿ ನನಗೇ ಹೇಳಿದರು: "ಸೋಮವಾರ ನೀಲಕ್ಕಾರ ಬಂದ್ರ ಕಳಸತೇವಿ. ಬ್ಯಾರೆ ಯಾರ ಬಂದ ಉಡಿ ತುಂಬಿದ್ರೂ ಕಳಸೂದಿಲ್ಲ. ಬಾಣಂತನ ಮಾಡಾಕ ನಮ್ಗೇನ ಕೈಯಿಲ್ಲೇನು?"

ಅದಾದ ಸ್ವಲ್ಪ ಹೊತ್ತಿಗೆ ನಂದಾ ಬಚ್ಚಲಮನೆಯಿಂದ ಪಿಸುದನಿಯಲ್ಲಿ ಫೋನ್ ಮಾಡಿದಳು. "ವೈನಿ, ಈ ಸಲ ನಂಗ ಅಂಜಿಕಿ ಬರಾಕತ್ತೈತಿ. ನಂಗ ಅವ್ವ ಬೇಕು."

ಅತ್ತೆಗೆ ಇದನ್ನು ಇದ್ದದ್ದು ಇದ್ದಂತೆ ಹೇಳಿದೆ. ಅವರು ಹೊರಗೆ ಹೋಗಿ ಕಾರಿನ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ಎಂದಿನ ಕಪ್ಪು ಕಲೆ ಇತ್ತು. "ನಾ ಆಡಿದ ಮಾತು ಆಡೇನಿ" ಎಂದರು. ಬಾಡಿಗೆ ಕಾರು ತರಿಸೋಣವೇ ಎಂದು ಕೇಳಿದೆ. "ಬಾಡಿಗಿ ಕಾರಿನ್ಯಾಗ ಇಳದ್ರ ಬಾಳವ್ವ ಏನಂತಾಳ ಗೊತ್ತೈತೇನ ನಿನಗ? ಸೋರೂ ಕಾರು ಹೋತು, ಇದ್ದ ಕಾರೂ ಹೋತು ಅಂತಾಳ." ಬಾಳವ್ವ ಹಾಗೆ ಅನ್ನುವವರೇ.

ಆಗ ನನ್ನ ಗಂಡ ಸುಭಾಸ, ಊಟ ಮಾಡುತ್ತಿದ್ದವರು, ಕೈ ತೊಳೆಯದೆ ಎದ್ದು ನಿಂತು, "ನಾನಽ ರಿಪೇರಿ ಮಾಡತೀನಿ" ಎಂದರು.

ಅಣ್ಣಿಗೇರಿಯ ಮೆಕ್ಯಾನಿಕ್ ಮಲಿಕಸಾಬ ನಮ್ಮ ಕಾರಿನ ಸೋರಿಕೆಯನ್ನು ಹಿಂದೆ ಹಲವು ಸಲ ನಿಲ್ಲಿಸಿದ್ದರು. ಒಂದು ಕಡೆ ನಿಲ್ಲಿಸಿದರೆ ಇನ್ನೊಂದು ಕಡೆ ಸೋರುತ್ತಿತ್ತು. ಈಗ ಅವರ ಮಗಳು ನಿಲೋಫರಳ ಮದುವೆ ಇದ್ದುದರಿಂದ ಗ್ಯಾರೇಜಿಗೆ ಬೀಗ ಬಿದ್ದಿತ್ತು. ಸುಭಾಸ ಫೋನ್ ಹಚ್ಚಿದರು. ಆ ಕಡೆ ಶಾಮಿಯಾನದ ಗದ್ದಲ.

"ಎಂಜಿನ್ನಿನ ಮುಂದಿನ ಮುಚ್ಚಳಾನಽ ಬಿಚ್ಚಬೇಕ್ರಿ ಸುಭಾಸಣ್ಣ" ಎಂದು ಮಲಿಕಸಾಬ ಕೂಗಿದರು. "ಸೋರೂದು ಅಲ್ಲಿಂದ. ಅದನ್ನ ಬಿಚ್ಚಿದ ಮ್ಯಾಲ ಒಳಗಿನ ಟೈಮಿಂಗ್ ಚೈನೂ ಹೊಸಾದ ಹಾಕಿಬಿಡ್ರಿ. ಗಲಗಲ ಅನ್ನಾಕತ್ತು ಭಾಳ ದಿನಾ ಆತು."

"ನನ್ನ ಕಡೆ ಆಗತೈತೇನೋ ಮಲಿಕಸಾಬ?"

"ಯಾಕಾಗೂದಿಲ್ರಿ? ಮನಿಗಿ ಹುಡುಗನ್ನ ಕಳಸ್ರಿ, ಬೋಲ್ಟ ಬಿಚ್ಚೂ ಪಾನಾ ಕೊಡತೇನಿ. ಏಽ, ಬಿರಿಯಾನಿ ಹಂಡೆ ಆ ಬಾಜು ಇಡ್ರಲೇ!"

ಕೊನೆಯ ಮಾತು ನಮಗಲ್ಲ. ಆದರೆ ಮೊದಲಿನ ಮಾತು ಸುಭಾಸರಿಗೆ ಸಾಕಾಯಿತು. ನನ್ನ ಗಂಡನದು ಒಕ್ಕಲುತನ. ಕಡಲೆ ಬಿತ್ತಿ ಮುಗಿದಿತ್ತು, ಕೈಯಲ್ಲಿ ಕೆಲಸವಿರಲಿಲ್ಲ. "ಟ್ರ್ಯಾಕ್ಟರ್ ಬಿಚ್ಚಿದಾಂವಗ ಕಾರೇನ ದೊಡ್ಡದು?" ಎಂದು ನನಗೆ ಕೇಳಿದರು. ಟ್ರ್ಯಾಕ್ಟರನ್ನು ಅವರು ಬಿಚ್ಚಿದ್ದು ನಿಜ. ಅದನ್ನು ಮತ್ತೆ ಜೋಡಿಸಿದ್ದು ಮಲಿಕಸಾಬ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹುಮ್ಮಸ್ಸು ಬಂದಾಗ ತಡೆಯಬಾರದೆಂದು ನಮಗೆ ಟೀಚರುಗಳಿಗೆ ತರಬೇತಿಯಲ್ಲಿ ಹೇಳಿರುತ್ತಾರೆ.

ಗುರುವಾರ ದನದ ಕೊಟ್ಟಿಗೆಯಲ್ಲಿ ಕೆಲಸ ಶುರುವಾಯಿತು. ದನ ಮಾರಿ ಬಹಳ ವರ್ಷವಾಗಿತ್ತು, ಕಾರು ಅಲ್ಲೇ ನಿಲ್ಲುತ್ತಿತ್ತು. ನನ್ನ ಅಡುಗೆಮನೆಯ ತಾಟು, ವಾಟಗ, ಚಟ್ನಿಪುಡಿಯ ಡಬ್ಬಿ ಒಂದೊಂದಾಗಿ ಕೊಟ್ಟಿಗೆಗೆ ಹೋದವು, ಒಂದೊಂದರಲ್ಲಿ ಒಂದೊಂದು ಜಾತಿಯ ಬೋಲ್ಟು ಕುಳಿತವು. ಫೋನನ್ನು ಗೋದಲಿಯ ಅಂಚಿಗೆ ಒರಗಿಸಿಟ್ಟು ಸುಭಾಸ ಹಿಂದಿಯವನೊಬ್ಬನ ವಿಡಿಯೋ ನೋಡುತ್ತಿದ್ದರು. ಅವನು ಬಿಚ್ಚಿದ್ದನ್ನು ಇವರೂ ಬಿಚ್ಚುವರು. ನೆಟ್‌ವರ್ಕ್ ನಿಂತರೆ ಇವರ ಕೈಯೂ ನಿಲ್ಲುವುದು. ಮಾವ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ನೋಡುತ್ತ ಕುಳಿತರು. ಟೈಲ್ಸಿನ ಮೇಲೆ ಕಾರು ನಿಲ್ಲಿಸಿದ ದಿನದಿಂದ ಅವರು ಕಾರಿನ ವಿಷಯದಲ್ಲಿ ಅಭಿಪ್ರಾಯ ಹೇಳುವುದನ್ನು ಬಿಟ್ಟಿದ್ದರು.

ಅತ್ತೆ ಮೇಲಿಂದ ಮೇಲೆ ಚಹಾ ತರುತ್ತಿದ್ದರು. "ಸೋರೂದು ನಿಂತೀತೇನಪಾ?" ಎಂದು ಕೇಳುತ್ತಿದ್ದರು. "ನಿಲ್ಲತೈತಬೇ" ಎಂದರೆ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ನಿಲ್ಲಲಿ ಎಂಬ ಆಸೆಯಿಂದ ಕೇಳುತ್ತಿದ್ದಾರೋ ನಿಲ್ಲದಿರಲಿ ಎಂಬ ಆಸೆಯಿಂದಲೋ ನನಗೆ ತಿಳಿಯಲಿಲ್ಲ. ಎರಡು ವರ್ಷ ಹೋಗದೆ ಉಳಿದ ಬಾಗಿಲಿಗೆ ಹೋಗಿ ನಿಲ್ಲುವುದು ಸುಲಭವಲ್ಲ.

ಸಂಜೆಗೆ ಎಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿಕೊಂಡಿತು. ಸುಭಾಸ ನನ್ನನ್ನು ಕರೆದು ತೋರಿಸಿದರು. ಮೇಲೆ ಎರಡು ಹಲ್ಲಿನ ಗಾಲಿ, ಕೆಳಗೆ ಒಂದು, ಮೂರನ್ನೂ ಸುತ್ತಿಕೊಂಡ ಚೈನು. ಮೂರೂ ಗಾಲಿಗಳು ಒಂದಕ್ಕೊಂದು ತಾಳೆ ಹಾಕಿಕೊಂಡು ತಿರುಗಬೇಕಂತೆ. ಒಂದೆರಡು ಹಲ್ಲು ಹಿಂದು ಮುಂದಾದರೂ ಎಂಜಿನ್ ತನ್ನ ಹೊಟ್ಟೆಗೆ ತಾನೇ ಗುದ್ದಿಕೊಳ್ಳುತ್ತದಂತೆ. ಅದಕ್ಕಾಗಿಯೇ ಪ್ರತಿ ಗಾಲಿಯ ಮೇಲೆ ಒಂದು ಸಣ್ಣ ಗುರುತು ಕೊರೆದಿರುತ್ತಾರೆ, ಹೊಸ ಚೈನಿನಲ್ಲಿ ಬಣ್ಣದ ಕೊಂಡಿಗಳಿರುತ್ತವೆ. ಆ ಗುರುತಿಗೆ ಈ ಕೊಂಡಿ ಕೂರಿಸಿದರೆ ಮುಗಿಯಿತು.

ಗುರುತು ಸಾಸಿವೆ ಕಾಳಿಗಿಂತ ಸಣ್ಣದು. ಸುಭಾಸರಿಗೆ ನಾಲ್ವತ್ತು ದಾಟಿದೆ, ಚಾಳೀಸು ಬಂದಿದೆ, ಕನ್ನಡಕ ಹಾಕಲು ಒಪ್ಪುವುದಿಲ್ಲ. "ಬಿಳಿ ಬಣ್ಣದ ಬೊಟ್ಟ ಇಟಗೊಂಡ್ರ ಕಾಣತೈತಿ" ಎಂದರು. ಮನೆಯಲ್ಲಿ ಬಿಳಿ ಬಣ್ಣ ಇರಲಿಲ್ಲ. ಅತ್ತೆಯ ಎಲೆ ಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿ ಇತ್ತು. ನಾನು ಬ್ಯಾಟರಿ ಹಿಡಿದೆ. ಅವರು ಬೆರಳ ತುದಿಯಿಂದ ಮೇಲಿನ ಎರಡೂ ಗಾಲಿಗಳ ಗುರುತಿನ ಮೇಲೆ ಸುಣ್ಣದ ಬೊಟ್ಟಿಟ್ಟರು. ಆಮೇಲೆ ಹಳೆಯ ಚೈನನ್ನು ಕಳಚಿ ನೆಲಕ್ಕೆ ಹಾಕಿದರು.

ಶುಕ್ರವಾರ ಅವರು ಹೊಸ ಚೈನು, ಸೀಲು, ಅಂಟು ತರಲು ಹುಬ್ಬಳ್ಳಿಗೆ ಹೋದರು. ನಾನು ಶಾಲೆಗೆ ಹೋದೆ. ಅವತ್ತು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ಬಿಡುವ ಮಾತೇ ಇಲ್ಲ, ಸೈಕಲ್ ಇದ್ದವರೂ ಹ್ಯಾಂಡಲ್ಲಿಗೆ ಒಂದು ನಿಂಬೆಹಣ್ಣು ಕಟ್ಟುತ್ತಾರೆ. ಗಾಡಿ ಬಿಚ್ಚಿದೆಯೋ ಜೋಡಿಸಿದೆಯೋ ಎಂದು ಅಮಾವಾಸ್ಯೆ ಕೇಳುವುದಿಲ್ಲ. ಸಂಜೆ ನಾನು ಬಂದಾಗ ಬಾಯಿ ತೆರೆದ ಎಂಜಿನ್ನಿಗೆ ವಿಭೂತಿ, ಕುಂಕುಮ, ಚೆಂಡುಹೂವು ಆಗಿತ್ತು. ಬೋಲ್ಟಿನ ತೂತಿನಲ್ಲಿ ಊದಿನಕಡ್ಡಿ ನಿಂತಿತ್ತು. ಹೊತ್ತು ಮುಳುಗುವಾಗ ಬಂದ ಸುಭಾಸ ಅದನ್ನು ನೋಡಿ ಕೈ ಮುಗಿದರು. "ಅವ್ವ ಪೂಜಿ ಮಾಡ್ಯಾಳ. ಇನ್ನೇನ ಕೆಡೂದಿಲ್ಲ ತಗೊ" ಎಂದರು.

ಶನಿವಾರ ಹೂವು ತೆಗೆದು, ವಿಭೂತಿ ಕುಂಕುಮ ಒರೆಸಿ, ಹೊಸ ಚೈನು ಹಾಕಿದರು. ಗಾಲಿಗಳ ಮೇಲೆ ಸುಣ್ಣದ ಬೊಟ್ಟುಗಳು ದುಂಡಗೆ ಎದ್ದು ಕಾಣುತ್ತಿದ್ದವು. ಬೊಟ್ಟಿನ ಎದುರು ಬಣ್ಣದ ಕೊಂಡಿ ಕೂರಿಸಿದರು. ವಿಡಿಯೋದವನು ಏನೋ ಹೇಳಲು ಬಾಯಿ ತೆರೆದಾಗ ನೆಟ್‌ವರ್ಕ್ ನಿಂತಿತು. ಸುಭಾಸ ಸ್ವಲ್ಪ ಹೊತ್ತು ಕಾದು, ವಿಡಿಯೋವನ್ನು ಮುಂದಕ್ಕೆ ತಳ್ಳಿ, ಮುಚ್ಚಳ ಹಾಕುವುದನ್ನು ನೋಡಿದರು. ಮುಚ್ಚುವ ಮೊದಲು ಎಂಜಿನ್ನನ್ನು ಪಾನಾ ಹಾಕಿ ಕೈಯಿಂದ ಸುತ್ತಿಸಿ ನೋಡಿ ಎಂದು ಅವನು ಆ ದಾಟಿಸಿದ ಭಾಗದಲ್ಲಿ ಹೇಳಿದ್ದ. ಇದನ್ನು ನಾನು ಆಮೇಲೆ ಶಾಲೆಯ ವೈಫೈಯಲ್ಲಿ ನೋಡಿದೆ.

ಮುಚ್ಚಳಕ್ಕೆ ಅಂಟು ಬಳಿಯುವ ಕೆಲಸವನ್ನು ಮಾತ್ರ ಅವರು ಅಗದಿ ಚಂದ ಮಾಡಿದರು. ಹೋಳಿಗೆಯ ಅಂಚು ಒತ್ತುವವರ ಹಾಗೆ ಸುತ್ತಲೂ ಒಂದೇ ಸಮನೆ ಎಳೆದರು. ಹೊಸ ಸೀಲು, ಹೊಸ ಎಣ್ಣೆ. ಭಾನುವಾರವಿಡೀ ಅಂಟು ಒಣಗಲು ಬಿಟ್ಟರು. ಕಾರಿನ ಕೆಳಗೆ ದಿನಪತ್ರಿಕೆ ಹಾಸಿದರು.

ಸೋಮವಾರ ಬೆಳಿಗ್ಗೆ ಮಾವ ಬಗ್ಗಿ, ಪತ್ರಿಕೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದರು. ಎರಡೂ ಕಡೆ ತಿರುವಿ ನೋಡಿದರು.

"ಹನಿ ಇಲ್ಲ" ಎಂದರು.

ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು, ಮಗಳಿಗೆ ತಂದ ಹಸಿರು ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲ ಇದ್ದ ಉಡಿಯ ಚೀಲ ಹಿಡಿದು ಹೊರಗೆ ಬಂದರು. ಅವರ ಮುಖ ಬಿಳಚಿಕೊಂಡಿತ್ತು. ಶೇಂಗಾ ಹೋಳಿಗೆಯ ಬುಟ್ಟಿ ನನ್ನ ಕೈಯಲ್ಲಿತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಸುಭಾಸ ಒಳಗೆ ಕುಳಿತು ಸ್ಟೇರಿಂಗಿಗೆ ನಮಸ್ಕಾರ ಮಾಡಿ ಸೆಲ್ಫ್ ಹೊಡೆದರು.

ಖಡ್ ಖಡ್ ಎಂದಿತು. ಇನ್ನೊಮ್ಮೆ ಹೊಡೆದರು. ಖಡ್ ಖಡ್, ಫಟ್. ಬಾನೆಟ್ಟಿನ ಅಂಚಿನಿಂದ ಒಂದಿಷ್ಟು ಹೊಗೆ ಬಂತು. ಆಮೇಲೆ ಏನೂ ಬರಲಿಲ್ಲ.

ಅತ್ತೆ ಹಾಕಿದ ಷರತ್ತನ್ನು ಕಾರು ಪೂರ್ತಿ ನಡೆಸಿಕೊಟ್ಟಿತ್ತು. ಹನಿ ಸೋರುತ್ತಿರಲಿಲ್ಲ. ಓಡಬೇಕು ಎಂಬ ಷರತ್ತನ್ನು ಯಾರೂ ಹಾಕಿರಲಿಲ್ಲ.

ಸುಭಾಸ ಮಲಿಕಸಾಬರಿಗೆ ಫೋನ್ ಮಾಡಿದರು. ಮಲಿಕಸಾಬ ಬೀಗರ ಊಟದ ಗಡಿಬಿಡಿಯಲ್ಲಿದ್ದರು. "ಮತ್ತ ಸೆಲ್ಫ್ ಹೊಡೀಬ್ಯಾಡ್ರಿ, ಕೈ ಮುಗೀತೀನಿ" ಎಂದರು. "ಮ್ಯಾಲಿನ ಮುಚ್ಚಳ ಅಷ್ಟ ತಗದ ಗುರುತು ನೋಡ್ರಿ. ನಾಳೆ ನಾ ಬರತೇನಿ." ಸುಭಾಸ ಮೇಲಿನ ಮುಚ್ಚಳ ತೆಗೆದರು. ನಾನು ಏನೂ ಹೇಳದೆ ನನ್ನ ಕನ್ನಡಕ ತೆಗೆದು ಕೊಟ್ಟೆ. ಅವರೂ ಏನೂ ಹೇಳದೆ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಕೊರೆದ ಗುರುತು ಒಂದು ಕಡೆ ಇತ್ತು, ಸುಣ್ಣದ ಬೊಟ್ಟು ಇನ್ನೊಂದು ಕಡೆ. ನಡುವೆ ಮೂರು ಹಲ್ಲು.

ಅವರು ಕಾರಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತುಬಿಟ್ಟರು. ಮೊಣಕೈವರೆಗೆ ಕಪ್ಪು, ಮೂಗಿನ ಮೇಲೆ ಹೆಂಗಸರ ಕನ್ನಡಕ.

"ಬೊಟ್ಟ ತಪ್ಪ ಇಟ್ಟೇನಬೇ ಯವ್ವಾ" ಎಂದರು. "ನನ್ನ ಕಡೆ ಆಗಲಿಲ್ಲ. ಪೂರಾ ಬಿಚ್ಚಿ ಮತ್ತ ಹಾಕಬೇಕು. ಒಳಗ ಏನ ಬಾಗೇತೋ ಏನ ಮುರದೈತೋ. ಇವತ್ತಂತೂ ಆಗೂದಿಲ್ಲ." ತಂಗಿಗಾಗಿ ಮೂರು ದಿನ ಮಣ್ಣು ಎಣ್ಣೆಯಲ್ಲಿ ಹೊರಳಾಡಿದ ಮನುಷ್ಯ. ನನಗೆ ಅವರ ಮೇಲೆ ಪ್ರೀತಿ ಬಂತು. ಅದು ಬಂದದ್ದು ಇಂಥ ಹೊತ್ತಿನಲ್ಲಿ ಎಂದು ಸಿಟ್ಟೂ ಬಂತು.

ಅತ್ತೆ ಉಡಿಯ ಚೀಲ ಹಿಡಿದು ನಿಂತೇ ಇದ್ದರು. ಈಗ ಅವರು ಒಳಗೆ ಹೋಗಿ ಸೀರೆ ಬದಲಿಸಿ ಚಹಾಕ್ಕಿಟ್ಟರೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಹೊರಟು ನಿಂತಿದ್ದರು, ಮಗ ಕಾರು ಕೆಡಿಸಿದ, ಅವರೇನು ಮಾಡಬೇಕು? ಬಾಳವ್ವನ ಎದುರು ಇಳಿಯುವ ಕಷ್ಟವೂ ಇಲ್ಲ, ಆಡಿದ ಮಾತೂ ಉಳಿಯಿತು. ನಾಳೆಗೆ ನಂದಾಳಿಗೆ ಒಂಬತ್ತು ಬೀಳುತ್ತದೆ. ಹೆರಿಗೆ ಅಲ್ಲೇ ಆಗುತ್ತದೆ, ಉಂಡೆಯ ಡಬ್ಬಿ ಮತ್ತೆ ನನ್ನ ಕೈಗೆ ಬರುತ್ತದೆ. ಇದೆಲ್ಲ ನನಗೆ ಹೊಳೆದ ಹಾಗೆ ಅವರಿಗೂ ಹೊಳೆದಿರಬೇಕು. ಅವರು ಒಳಬಾಗಿಲ ಕಡೆ ಒಮ್ಮೆ ನೋಡಿದರು. ನಾನು ಅವರ ಬಾಯನ್ನೇ ನೋಡುತ್ತ ನಿಂತೆ.

"ಆ ಬೊಟ್ಟ ನಿಂದಲ್ಲ" ಎಂದರು ಅತ್ತೆ.

ಸುಭಾಸ ತಲೆ ಎತ್ತಿದರು.

"ಅಮಾಸಿ ದಿನ ಪೂಜಿ ಮಾಡೂ ಮುಂದ ಜಿಡ್ಡ ಭಾಳ ಇತ್ತಂತ ಅರಿವಿಲೆ ಒರಿಸಿದೆ. ನೀ ಇಟ್ಟ ಬೊಟ್ಟ ಅಳಿಸಿದವು. ನೀ ಬೈತಿ ಅಂತ ನಾನಽ ಮತ್ತ ಸುಣ್ಣ ಇಟ್ಟೆ."

"ನಾ ಇಟ್ಟಲ್ಲೆ ಇಟ್ಟಿಲ್ಲೇನಬೇ?"

"ನೀ ಇಟ್ಟಿದ್ದು ಒಂದು ಆ ಕಡೆ, ಒಂದು ಈ ಕಡೆ, ಸೊಟ್ಟ ಇದ್ದವು. ಬೊಟ್ಟ ಅಂದ ಮ್ಯಾಲ ನಟ್ಟನಡುಕ ಇರಬೇಕಲ್ಲ? ನೆತ್ತಿ ಮ್ಯಾಲ ನಟ್ಟನಡುಕ ಇಟ್ಟೆ."

ಸುಭಾಸ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಹಣೆಯ ಬೊಟ್ಟು ನಡುವೆ ಇಡಬಾರದು ಎಂದು ಹೆತ್ತ ತಾಯಿಗೆ ಯಾವ ಮಗ ತಾನೇ ಹೇಳುತ್ತಾನೆ? ಮಾವ ಕುರ್ಚಿಯಿಂದ ಎದ್ದು ಬಂದು ಎಂಜಿನ್ನಿನೊಳಗೆ ಇಣುಕಿದರು.

"ಬೊಟ್ಟ ಚಲೋ ಇಟ್ಟೀ" ಎಂದರು. ಎರಡು ವರ್ಷದಲ್ಲಿ ಕಾರಿನ ಬಗ್ಗೆ ಅವರು ಹೇಳಿದ ಮೊದಲ ಅಭಿಪ್ರಾಯ ಅದು.

ಅತ್ತೆ ಅವರ ಕಡೆ ನೋಡಲೂ ಇಲ್ಲ. ಚೀಲವನ್ನು ಹೆಗಲಿಗೇರಿಸಿ, "ನೇತ್ರಾ, ಹುಬ್ಬಳ್ಳಿ ಬಸ್ಸ ಎಷ್ಟಕ್ಕೈತಿ?" ಎಂದು ಕೇಳಿದರು.

"ಈಗ ಬರತೈತ್ರಿ ಅತ್ತಿ."

"ಹಂಗಾರ ಲಗೂ ನಡಿ. ಹೋಗೂಣು."

ಬಸ್ಸಿನಲ್ಲಿ ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೀಟಿಗೆ ಆಧಾರ್ ಕಾರ್ಡ್ ಕೇಳಿದ. "ಮಗಳ ಮನಿಗಿ ಹೋಗಾಕ ಆಧಾರ ಯಾಕ ಬೇಕಪಾ?" ಎಂದರು ಅತ್ತೆ. ಅವನು ನನ್ನ ಮುಖ ನೋಡಿದ. ನಾನು ಫೋನಿನಲ್ಲಿ ಇಬ್ಬರದೂ ತೋರಿಸಿದೆ. ಹುಬ್ಬಳ್ಳಿಯವರೆಗೆ ನಿಂತೇ ಹೋದೆವು. ಯಾರೋ ಕಾಲೇಜು ಹುಡುಗಿ ಅತ್ತೆಗೆ ಜಾಗ ಕೊಡಲು ಎದ್ದರೆ ಅವರು ಉಡಿಯ ಚೀಲವನ್ನು ಆ ಸೀಟಿನ ಮೇಲೆ ಕೂರಿಸಿ ತಾವು ಕಂಬ ಹಿಡಿದು ನಿಂತರು. ಕಲಘಟಗಿಯ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಕಿಟಕಿಯ ಹೊರಗೆ ಗೋವಿನಜೋಳದ ಹೊಲ ಮುಗಿದು ಕಬ್ಬು ಶುರುವಾದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

"ನನಗ ಅಂಜಿಕಿ ಬರಾಕತ್ತೈತಿ ನೇತ್ರಾ."

"ಬಾಳವ್ವಾರದೇನ್ರಿ?"

"ಅಕೀದ್ಯಾಕ ಬಿಡು. ಅಕಿ ಒಂದ ಮಾತ ಅಂದ್ರ ನಾ ಎರಡ ಅಂತೇನಿ." ಇನ್ನೊಂದು ಕೈಯಿಂದ ಉಡಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ನಂದಾಂದು."

ನಾನು ಸಮಾಧಾನದ ಮಾತೇನೂ ಹೇಳಲಿಲ್ಲ. ಹೇಳಬೇಕು ಅನ್ನಿಸಲಿಲ್ಲ. ಆಸ್ಪತ್ರೆಯ ಬಾಗಿಲ ಕಡೆ ನೋಡುತ್ತಿ‌ದ್ದ ನಂದಾಳ ಕಣ್ಣು ನನಗೆ ಮರೆತಿರಲಿಲ್ಲ. ಆದರೆ ಕೈಯನ್ನೂ ಬಿಡಿಸಿಕೊಳ್ಳಲಿಲ್ಲ.

ಬಾಳವ್ವ ಬಾಗಿಲಲ್ಲೇ ನಿಂತಿದ್ದರು. ನಮ್ಮನ್ನು ನೋಡಿದರು. ಆಮೇಲೆ ನಮ್ಮ ಹಿಂದೆ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಟೈಲ್ಸಿನ ಕಲೆ ಹೋಗಿದೆಯೋ ಇದೆಯೋ ಎಂದು ನಾನು ಕೆಳಗೆ ನೋಡಲು ಹೋಗಲಿಲ್ಲ.

"ಬರ್ರಿ ನೀಲಕ್ಕಾರ. ಕಾರ ಎಲ್ಲಿ ನಿಲ್ಲಿಸಿ ಬಂದ್ರಿ?"

ಇದಕ್ಕೆ ನಾನು ಬಸ್ಸಿನಲ್ಲೇ ಒಂದು ಸುಳ್ಳು ತಯಾರು ಮಾಡಿಕೊಂಡಿದ್ದೆ. ಕಾರು ಹುಬ್ಬಳ್ಳಿಯಲ್ಲಿ ಸರ್ವಿಸಿಗೆ ಬಿಟ್ಟಿದೆ, ಸಂಜೆ ಸಿಗುತ್ತದೆ ಇತ್ಯಾದಿ. ಒಳ್ಳೆಯ ಸುಳ್ಳೇ ಆಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಂದು ಹೆಜ್ಜೆ ಮುಂದೆ ಇಟ್ಟರು.

"ಕಾರ ಮನ್ಯಾಗ ಐತ್ರಿ. ಕೆಟ್ಟೈತಿ. ಮಗ ಬರೋಬ್ಬರಿ ಮಾಡಿದ್ದ, ನಾನಽ ಕೆಡಿಸೇನಿ. ಬಸ್ಸಿನ್ಯಾಗ ಬಂದೇನಿ. ನನ್ನ ಮಗಳನ್ನ ಕಳಸ್ರಿ."

ಬಾಳವ್ವನ ಬಾಯಿ ಎಂಥದೆಂದು ಇಡೀ ಕಲಘಟಗಿಗೆ ಗೊತ್ತು. ಅವರು ಆ ಬಾಯಿ ತೆರೆದರು. ಅತ್ತೆಯ ಧೂಳು ಹಿಡಿದ ಕಾಲು ನೋಡಿದರು, ಹೆಗಲ ಮೇಲಿನ ಚೀಲ ನೋಡಿದರು. ಎರಡು ವರ್ಷದಿಂದ ಕಾದುಕೊಂಡಿದ್ದ ಮಾತು ಏನಾದರೂ ಅವರ ಹತ್ತಿರ ಇತ್ತೋ ಏನೋ. ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದರು.

"ಕಾಲ ತೊಳಕೋರಿ" ಎಂದರು. "ಕುಂಡ್ರಾಕರೆ ಜಾಗಾ ಸಿಕ್ಕಿತ್ತೇನ್ರಿ ಬಸ್ಸಿನ್ಯಾಗ? ಹೋಗೂ ಮುಂದ ನಿಮ್ಮ ಅಳಿಯ ಹೇಮಂತ ತನ್ನ ಕಾರಿನ್ಯಾಗ ಬಿಟ್ಟ ಬರತಾನ. ಬಸರಿ ಹೆಂಗಸನ್ನ ಕರಕೊಂಡ ಬಸ್ಸ ಹತ್ತಬ್ಯಾಡ್ರಿ."

"ಆತ್ರಿ" ಎಂದರು ಅತ್ತೆ. ಬೀಗರ ಕಾರಿನಲ್ಲಿ ಕುಳಿತು ಬರುವುದಕ್ಕೆ ಇಷ್ಟು ಬೇಗ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ.

ನಂದಾ ನಡುಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು. ಹೊಟ್ಟೆ ದೊಡ್ಡದಾಗಿ, ಮುಖ ಸಣ್ಣದಾಗಿತ್ತು. ತಾಯಿಯನ್ನು ನೋಡಿ ಓಡಿ ಬರಲಿಲ್ಲ, ಅಳಲಿಲ್ಲ, ನಗಲೂ ಇಲ್ಲ. ತಾಯಿ ತಂದ ಸೀರೆ ಕೊಟ್ಟರೆ ಉಟ್ಟು ಬಂದಳು, ಕಂಬಳಿ ಹಾಸಿ ಕೂರಿಸಿದರೆ ಕುಳಿತಳು. ಹೊಸ ಹಸಿರು ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ತಾಯಿಯ ಮುಂದೆ ಒಡ್ಡಿದಳು. ಅತ್ತೆ ಅವಳ ಎದುರು ಕುಳಿತು, ಅರಿಷಿಣ ಕುಂಕುಮ ಹಚ್ಚಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಇಟ್ಟರು. ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡರು.

"ಬಸ್ಸ ಆವಾಗೂ ಇದ್ದವಲ್ಲಬೇ ಯವ್ವಾ" ಎಂದಳು ನಂದಾ.

ಮೆಲ್ಲಗೆ ಹೇಳಿದಳು. ಸಿಟ್ಟಿನಿಂದಲ್ಲ, ನೆನಪು ಮಾಡಿಕೊಡುವವಳ ಹಾಗೆ. ನಡುಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ಅತ್ತೆಯ ಬೊಗಸೆ ನಡುವೆಯೇ ನಿಂತಿತು. ಬೆರಳ ಸಂದಿಯಿಂದ ಅಕ್ಕಿ ಕಂಬಳಿಯ ಮೇಲೆ ಉದುರತೊಡಗಿತು.

"ಇದ್ದವು" ಎಂದರು ಅತ್ತೆ. "ಇದ್ದವು ನನ್ನವ್ವಾ. ದಿನಾ ನಮ್ಮ ಮನಿ ಮುಂದಽ ಹೋಗತಿದ್ದವು."

ಆಮೇಲೆ ಅವರ ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಕ್ಕಿಯನ್ನು ಮಗಳ ಉಡಿಗೆ ಸುರಿದರು. ಮತ್ತೆ ಬೊಗಸೆ ತುಂಬಿಕೊಂಡು ಸುರಿದರು. ಉಡಿಗೆ ಐದು ಸಲ ಹಾಕುವುದು ಪದ್ಧತಿ. ಅತ್ತೆ ಎಣಿಕೆ ಬಿಟ್ಟು ಸುರಿಯುತ್ತಲೇ ಹೋದರು, ಪದ್ಧತಿಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಬಿಡದ ಬಾಳವ್ವ ಸುಮ್ಮನೆ ನೋಡುತ್ತಿದ್ದರು. ಸೆರಗು ಭಾರವಾಗಿ ನಂದಾಳ ಕೈ ಸೋಲುವಂತಾದಾಗ ನಾನು ಒಂದು ಅಂಚು ಹಿಡಿದುಕೊಂಡೆ. ಇನ್ನೊಂದು ಅಂಚನ್ನು ಬಾಳವ್ವ ಬಂದು ಹಿಡಿದರು.